ಬಿಡಿ ಹಲಗೆಗಳ ಸಂಸಾರ

ಮರದ ಸಾಮಾನೆಂದರೆ ಹಿಂದಿನವರ ಮನಸ್ಸಿನಲ್ಲಿ ಮೊದಲು ಮೂಡುತ್ತಿದ್ದುದು ಭಾರದ ಕಲ್ಪನೆ. ಬೀಟೆಯ ಮಂಚವೊಂದು ಮನೆಯೊಳಕ್ಕೆ ಬಂದಿತೆಂದರೆ ಅದು ಮೂರು ತಲೆಮಾರು ಅಲ್ಲಿಂದ ಕದಲುತ್ತಿರಲಿಲ್ಲ. ಅದನ್ನು ಹೊರಲು ನಾಲ್ವರು, ಇಳಿಸಲು ಆರು ಮಂದಿ, ಎಲ್ಲಿಡಬೇಕೆಂದು ಹೇಳಲು ಬೀದಿಯವರೆಲ್ಲ. ಈಗ ಬರುವ ಬೀರುವಾದರೋ ಹಪ್ಪಳದ ಕಟ್ಟಿನಂತೆ ಚಪ್ಪಟೆಯಾಗಿ, ರಟ್ಟಿನ ಹೊದಿಕೆಯೊಳಗೆ ಮಲಗಿಕೊಂಡು ಬರುತ್ತದೆ. ಬಿಚ್ಚಿ ನೋಡಿದರೆ ಒಳಗೆ ಬೀರುವಿಲ್ಲ. ಹಲಗೆಗಳಿವೆ, ಒಂದು ಪೊಟ್ಟಣದ ತುಂಬ ತಿರುಪುಗಳಿವೆ, ಆರು ಮೂಲೆಯ ಸೊಟ್ಟ ಕಡ್ಡಿಯೊಂದಿದೆ, ಅಕ್ಷರಗಳೇ ಇಲ್ಲದ ಚಿತ್ರಮಯವಾದ ಪುಸ್ತಿಕೆಯೊಂದಿದೆ. ಇವುಗಳಿಂದ ಬೀರುವನ್ನು ಉತ್ಪತ್ತಿಮಾಡಿಕೊಳ್ಳತಕ್ಕ ಹೊಣೆ ಕೊಂಡವನದು. ವ್ಯಾಪಾರಿಗಳು ಇದಕ್ಕೆ ಫ್ಲಾಟ್ ಪ್ಯಾಕ್ ಎಂದು ಹೆಸರಿಟ್ಟಿರುವರು. ಜನಸಾಮಾನ್ಯರು ರೆಡಿಮೇಡ್ ಎನ್ನುವರು. ಇನ್ನೂ ಸಿದ್ಧವಾಗದ ವಸ್ತುವಿಗೆ ಸಿದ್ಧವಸ್ತುವೆಂಬ ಹೆಸರು ಹೇಗೆ ಬಂದಿತೆಂಬುದು ಶಬ್ದಶಾಸ್ತ್ರಜ್ಞರು ವಿಚಾರಿಸತಕ್ಕ ವಿಷಯ.

ಮೈಸೂರು ನಗರದ ಈಶಾನ್ಯಭಾಗದಲ್ಲಿ ಕೆಸರೆಯಿದೆ. ಹಿಂದೆ ಅದು ಹಳ್ಳಿ; ನಗರವು ಬೆಳೆಯುತ್ತ ಬೆಳೆಯುತ್ತ ಅದನ್ನು ತನ್ನ ಮಡಿಲಿಗೆ ಎಳೆದುಕೊಂಡಿತು. ಎರಡನೆಯ ಹಂತ, ಮೂರನೆಯ ಹಂತ ಎಂದು ಬಡಾವಣೆಗಳಾದುವು. ನಿವೇಶನಗಳ ವಿವಾದದಿಂದಾಗಿ 2024ರಲ್ಲಿ ರಾಜ್ಯದ ಪತ್ರಿಕೆಗಳಲ್ಲೆಲ್ಲ ಈ ಹೆಸರು ಓಡಾಡಿತು; ಆ ಗಲಾಟೆಗೂ ಇಲ್ಲಿ ಹೇಳತಕ್ಕ ವಿಷಯಕ್ಕೂ ಸಂಬಂಧವಿಲ್ಲ. ಸಂಬಂಧವಿರುವುದು ಅಳತೆಯೊಂದಕ್ಕೆ. 1903ರಷ್ಟು ಹಿಂದೆಯೇ ನಗರಾಭಿವೃದ್ಧಿಯ ಟ್ರಸ್ಟ್ ಬೋರ್ಡನ್ನು ಸ್ಥಾಪಿಸಿಕೊಂಡ ಊರು ಮೈಸೂರು. ಹಗ್ಗ ಹಿಡಿದು ನೆಲವನ್ನು 30ಕ್ಕೆ 40 ಅಡಿ, 20ಕ್ಕೆ 30 ಅಡಿ ಎಂದು ಚೌಕಮಾಡುವುದು ಇಲ್ಲಿಯವರಿಗೆ ಹಳೆಯ ವಿದ್ಯೆ. ಆದರೆ ನಿವೇಶನ ನೆಟ್ಟಗಿದ್ದಮಾತ್ರಕ್ಕೆ ಅದರಮೇಲಿನ ಮನೆ ನೆಟ್ಟಗಿರಬೇಕೆಂಬ ನಿಯಮವಿಲ್ಲ. ಗುಮಾಸ್ತರೂ ಉಪಾಧ್ಯಾಯರೂ ಸಂಬಳದಲ್ಲಿ ಉಳಿಸಿ, ಸಹಕಾರಸಂಘದಲ್ಲಿ ಸಾಲಮಾಡಿ, ಈ ವರ್ಷ ಗೋಡೆ, ಮುಂದಿನ ವರ್ಷ ಗಾರೆ ಎಂದು ಕಟ್ಟಿಸಿದ ಮನೆಗಳಲ್ಲಿ ಮೂಲೆಮಟ್ಟ ಹಿಡಿದು ನೋಡಿದರೆ ಒಂದು ಮೂಲೆಯಾದರೂ ನಗದೆ ಇರದು.

ಅಂಥ ಮನೆಯೊಂದರ ಸಮಾಚಾರವಿದು. ಕಟ್ಟಿಸಿದ ಯಜಮಾನರು ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾಗಿ ತೀರಿಕೊಂಡು ಆರು ವರ್ಷಗಳಾಗಿದ್ದುವು. ಅವರ ಪತ್ನಿ, ಎಪ್ಪತ್ತೆಂಟು ವರ್ಷದ ವೃದ್ಧೆ, ಒಬ್ಬರೇ ಇದ್ದರು. ನಾಲ್ಕಡಿ ಎಂಟಂಗುಲದ ಎತ್ತರ, ಮಂಡಿನೋವು. ಕೆಂಪು ಕಾವಿಯ ನೆಲ, ಗೋಡೆಯ ಗೂಡುಗಳಲ್ಲಿ ಕಡಪ ಕಲ್ಲಿನ ಹಾಸು, ಮಲಗುವ ಕೋಣೆಯಲ್ಲಿ ಹಲಸಿನ ಮರದ ಒಂದು ಬೀರು, ಇಷ್ಟು ಆಕೆಯ ರಾಜ್ಯ. ಒಂದು ದಿನ ಉಗ್ರಾಣದ ಮೇಲಿನ ಗೂಡಿನಿಂದ ಹುಣಿಸೆಹಣ್ಣಿನ ಭರಣಿಯನ್ನು ತೆಗೆಯಲು ಮುಕ್ಕಾಲಿಯನ್ನೇರಿ ಜಾರಿಬಿದ್ದು ಮುಂಗೈ ಮುರಿದುಕೊಂಡರು. ಬೆಂಗಳೂರಿನ ಮಗ ಬಂದು, ಇನ್ನು ಈ ಮನೆಯನ್ನು ಬಾಡಿಗೆಗೆ ಕೊಟ್ಟು ತನ್ನಲ್ಲಿಗೆ ಬರಬೇಕೆಂದನು. ಅವನ ಮನೆ ಎಂಟನೆಯ ಅಂತಸ್ತಿನಲ್ಲಿದ್ದಿತು. ವೃದ್ಧೆ ಆಗುವುದಿಲ್ಲವೆಂದು ಹೇಳಲಿಲ್ಲ, ಊಟವನ್ನು ಕಡಮೆಮಾಡಿದರು. ಕೊನೆಗೆ ಮಗಳು, ತಾನೂ ಅಳಿಯನೂ ಮಗುವಿನೊಡನೆ ಕೆಸರೆಗೇ ಬಂದು ನಿಲ್ಲುವುದಾಗಿ ಹೇಳಿ, ಅಮ್ಮನನ್ನು ಬೇರೊಂದು ಮನೆಗೆ ಹೊಂದಿಸುವ ಬದಲು ಈ ಮನೆಯನ್ನೇ ಅಮ್ಮನಿಗೆ ಹೊಂದಿಸಿದರಾಗದೇ ಎಂದು ಕೇಳಿದಳು. ಮಗನು ಯುಗಾದಿಯವರೆಗೆ ಅವಧಿ ಕೊಟ್ಟನು. ಮನೆ ಆಕೆಗೆ ಒಗ್ಗದೆ ಹೋದರೆ ಹಬ್ಬ ಕಳೆದೊಡನೆ ಬೆಂಗಳೂರು ಎಂದು ಮಾತಾಯಿತು.

ಮನೆಯ ದುರಸ್ತಿಯೆಂಬುದು ಹಲ್ಲುನೋವಿಗೆ ಮದ್ದು ಕೇಳಲು ಹೋದವನ ಸ್ಥಿತಿ. ಒಂದನ್ನು ಮುಟ್ಟಿದರೆ ಪಕ್ಕದ ನಾಲ್ಕು ಅಲುಗಾಡುತ್ತವೆ. ಮಾಳಿಗೆ ಸೋರುತ್ತಿದ್ದುದರಿಂದ ಅದನ್ನು ಸರಿಪಡಿಸಿ, ಅಂದಗೆಟ್ಟ ಚಾವಣಿಯೂ ವಿದ್ಯುತ್ತಿನ ತಂತಿಗಳೂ ಕಾಣದಂತೆ ಕೆಳಗೊಂದು ಜಿಪ್ಸಮ್ ಚಾವಣಿಯನ್ನು ತೂಗುಹಾಕಿಸಿದರು. ಇದನ್ನು ಕೆಲಸದವರು ಫಾಲ್ಸ್ ಸೀಲಿಂಗ್ ಎನ್ನುತ್ತಾರೆ. ಸುಳ್ಳು ಚಾವಣಿಯೆಂದು ಅಜ್ಜಿ ಅದನ್ನು ಕನ್ನಡಿಸಿಕೊಂಡರು. ಮುಂದೆ ನಡೆದುದನ್ನು ನೋಡಿದರೆ ಆ ಹೆಸರೇ ಒಪ್ಪುವಂಥದು. ಹಲಸಿನ ಬೀರುವಿನ ಬೆನ್ನನ್ನೂ ತಳವನ್ನೂ ಗೆದ್ದಲು ತಿಂದಿದ್ದಿತು. ಅದರ ಬದಲಿಗೆ ಮಗಳು ಎರಡು ದೊಡ್ಡ ಬಟ್ಟೆಯ ಬೀರುಗಳನ್ನೂ, ಅಡಿಗೆಮನೆಗೆ ಬೇಕಾದ ಪೆಟ್ಟಿಗೆಗಳನ್ನೂ, ಜಗುಲಿಗೆ ಚಪ್ಪಲಿಯ ಗೂಡೊಂದನ್ನೂ ಬೆಂಗಳೂರಿನಿಂದ ತರಿಸಿದಳು. ಒಟ್ಟು ಇಪ್ಪತ್ತಮೂರು ರಟ್ಟಿನ ಕಟ್ಟುಗಳು ಒಂದು ಬೆಳಗ್ಗೆ ಜಗುಲಿಯ ತುಂಬ ಬಂದು ಕುಳಿತುವು. ಹಳೆಯ ಬೀರುವನ್ನು ಗುಜರಿಯವನಿಗೆ ಕೊಡೋಣವೆಂದಾಗ ವೃದ್ಧೆ ಅದರ ಬಾಗಿಲನ್ನು ಹಿಡಿದುಕೊಂಡು ನಿಂತರು. ಒಳಬಾಗಿಲಿನಮೇಲೆ ಯಜಮಾನರು ಸೀಸದ ಕಡ್ಡಿಯಿಂದ ಗ್ಯಾಸಿನ ಸಿಲಿಂಡರು ಬಂದ ತಾರೀಖುಗಳನ್ನೂ ಸಂಘದ ಸಾಲದ ಕಂತುಗಳನ್ನೂ ಇಪ್ಪತ್ತು ವರ್ಷ ಬರೆದಿದ್ದರು. ಅವರ ಕೈಬರಹವೆಂಬುದು ಮನೆಯಲ್ಲಿ ಉಳಿದಿದ್ದುದು ಅಷ್ಟೇ. ಬೀರು ಹಿತ್ತಲ ಜಗುಲಿಗೆ ಹೋಯಿತು.

ಜೋಡಿಸಲು ಬಂದ ಹುಡುಗನು ಚುರುಕಾದವನು. ಪುಸ್ತಿಕೆಯ ಚಿತ್ರದಂತೆ ಮೊದಲನೆಯ ಬೀರುವನ್ನು ನೆಲದಮೇಲೆ ಮಲಗಿಸಿಯೇ ಜೋಡಿಸಿ, ಬೆನ್ನಿನ ತೆಳುಹಲಗೆಯನ್ನೂ ಬಡಿದು, ಎತ್ತಿ ನಿಲ್ಲಿಸಲು ಅಳಿಯನನ್ನು ಕರೆದನು. ಎತ್ತಿದರು. ಅರ್ಧದವರೆಗೆ ಬಂದಿತು, ಮುಕ್ಕಾಲಿನವರೆಗೆ ಬಂದಿತು, ಆಮೇಲೆ ಮೇಲಿನ ಅಂಚು ಸುಳ್ಳು ಚಾವಣಿಗೆ ತಗುಲಿ ನಿಂತಿತು. ಬೀರುವಿನ ಎತ್ತರ 93 ಅಂಗುಲ. ಚಾವಣಿಯ ಎತ್ತರ 95. ಎರಡು ಅಂಗುಲ ಮಿಕ್ಕಿರುವಾಗ ತಗುಲುವುದೇಕೆಂದು ಅಳಿಯನು ಆಶ್ಚರ್ಯಪಟ್ಟನು. ಅವನು ಇಂಜಿನಿಯರು.

ಯಜ್ಞವೇದಿಗಳನ್ನು ಅಳೆಯುತ್ತಿದ್ದ ಬೌಧಾಯನರು ಶುಲ್ಬಸೂತ್ರದಲ್ಲಿ ಕರ್ಣದ ನಿಯಮವನ್ನು ಹೇಳಿಟ್ಟು ಎರಡು ಸಾವಿರ ವರ್ಷಗಳಿಗೂ ಹೆಚ್ಚಾಯಿತು. ಶಾಲೆಯಲ್ಲಿ ಹುಡುಗರು ಅದನ್ನೇ ಪೈಥಾಗೊರಸನ ಹೆಸರಿನಲ್ಲಿ ಕಂಠಪಾಠಮಾಡುತ್ತಾರೆ. 93ರ ವರ್ಗ 8649, ಬೀರುವಿನ ಆಳ 24 ಅಂಗುಲ, ಅದರ ವರ್ಗ 576, ಕೂಡಿದರೆ 9225. ಇದರ ಮೂಲ 96ಕ್ಕೆ ಕೂದಲೆಳೆಯಷ್ಟು ಹೆಚ್ಚು. ಮಲಗಿದ ಪೆಟ್ಟಿಗೆ ಏಳುವಾಗ ಅದರ ಎತ್ತರವಲ್ಲ, ಮೂಲೆಯಿಂದ ಮೂಲೆಗೆ ಇರುವ ಕರ್ಣವು ಚಾವಣಿಯ ಕೆಳಗೆ ಹಾದುಹೋಗಬೇಕು. ನಿಂತಮೇಲೆ ಧಾರಾಳವಾಗಿ ನಿಲ್ಲುವ ಬೀರು ಏಳುವುದಕ್ಕೆ ಒಂದು ಅಂಗುಲ ಸಾಲದೆ ಮಲಗಿಯೇ ಇರಬೇಕಾಯಿತು. ಪಕ್ಕದ ಕೋಣೆಯಲ್ಲಿ ಎತ್ತಿ ತರೋಣವೆಂದರೆ ಬಾಗಿಲು ಆರೂವರೆ ಅಡಿ. ಚಾವಣಿಯ ಕನಿಷ್ಠ ಎತ್ತರವನ್ನು ಪುಸ್ತಿಕೆಯ ಮೊದಲ ಪುಟದಲ್ಲಿಯೇ ಸಣ್ಣ ಅಂಕಿಗಳಲ್ಲಿ ಅಚ್ಚುಮಾಡಿದ್ದರು. ಹಿಂದಿರುಗಿಸಿಬಿಡಿ, ಬೇರೆ ಅಳತೆಯದು ತರಿಸಿಕೊಳ್ಳಬಹುದೆಂದು ಹೇಳಿ ಹುಡುಗನು ಹೊರಟುಹೋದನು. ಅವನಿಗೆ ಸಂಜೆಯೊಳಗೆ ಇನ್ನೂ ಎರಡು ಮನೆಗಳಿದ್ದುವು. ಬೀರು ಕೋಣೆಯ ನಡುವೆ ಹೆಣದಂತೆ ಮಲಗಿದ್ದಿತೆಂದೂ ಆ ರಾತ್ರಿ ಯಾರಿಗೂ ಊಟ ಸೇರಲಿಲ್ಲವೆಂದೂ ಹೇಳುತ್ತಾರೆ. ಮಗನಿಂದ ದೂರವಾಣಿ ಬಂದಿತು. ಯುಗಾದಿಗೆ ಐದು ವಾರಗಳಿದ್ದುವು.

ಈ ಬಿಡಿಸಾಮಾನಿನ ಪದ್ಧತಿಯು ನಿನ್ನೆ ಮೊನ್ನೆಯದೆಂದು ಭಾವಿಸುವವರುಂಟು. ವಿಯೆನ್ನದ ಥೋನೆಟ್ ಎಂಬ ಕಾರ್ಖಾನೆಯವರು 1859ರಲ್ಲಿ 14ನೆಯ ನಂಬರಿನ ಕುರ್ಚಿಯನ್ನು ಹೊರತಂದರು. ಆವಿಯಲ್ಲಿ ಬೇಯಿಸಿ ಬಗ್ಗಿಸಿದ ಮರದ ಆರು ತುಂಡುಗಳು, ಹತ್ತು ತಿರುಪುಗಳು. ಒಂದು ಘನಮೀಟರಿನ ಪೆಟ್ಟಿಗೆಯಲ್ಲಿ ಮೂವತ್ತಾರು ಕುರ್ಚಿಗಳನ್ನು ಬಿಡಿಬಿಡಿಯಾಗಿ ತುಂಬಿ ಹಡಗಿನಲ್ಲಿ ಕಳುಹಿಸುತ್ತಿದ್ದರು. ಕಾಫಿಯ ಅಂಗಡಿಗಳಲ್ಲಿ ಬಳಕುವ ಬೆನ್ನಿನ, ಗುಂಡು ಪೀಠದ ಕುರ್ಚಿಯನ್ನು ಕಂಡವರಿಗೆ ಅದರ ಗುರುತು ಸಿಕ್ಕೀತು. ಸ್ವೀಡನ್ ದೇಶದಲ್ಲಿ ಇಂಗ್ವಾರ್ ಕಾಂಪ್ರಾಡ್ ಎಂಬ ಹದಿನೇಳು ವರ್ಷದ ಹುಡುಗನು 1943ರಲ್ಲಿ ಇಕಿಯಾ ಎಂಬ ವ್ಯಾಪಾರವನ್ನು ಆರಂಭಿಸಿದನು. ಅಲ್ಲಿನ ನೌಕರನಾದ ಗಿಲ್ಲಿಸ್ ಲುಂಡ್‌ಗ್ರೆನ್ ಎಂಬಾತನು ಮೇಜೊಂದು ಮೋಟಾರಿನೊಳಗೆ ಹಿಡಿಸದಿರಲು ಅದರ ಕಾಲುಗಳನ್ನು ಬಿಚ್ಚಿ ಇಟ್ಟನೆಂದೂ, 1956ರಿಂದ ಆ ಸಂಸ್ಥೆಯವರು ಸಾಮಾನನ್ನು ಚಪ್ಪಟೆಯಾಗಿ ಮಾರತೊಡಗಿದರೆಂದೂ ಅವರ ಇತಿಹಾಸ. ಆ ಸಂಸ್ಥೆಯ ಅಂಗಡಿ 2018ರಲ್ಲಿ ಹೈದರಾಬಾದಿಗೂ, 2022ರ ಜೂನಿನಲ್ಲಿ ಬೆಂಗಳೂರಿನ ನಾಗಸಂದ್ರಕ್ಕೂ ಬಂದಿತು.

ಇಷ್ಟೆಲ್ಲ ದೂರ ಹೋಗಬೇಕೆಂದೇನೂ ಇಲ್ಲ. ಕೆಸರೆಯಿಂದ ಕೆಲವೇ ಮೈಲಿಗಳಾಚೆ, ಅರಮನೆಯ ರತ್ನಸಿಂಹಾಸನವು ವರ್ಷವೆಲ್ಲ ಭಾಗಭಾಗವಾಗಿ ಭದ್ರತಾಕೊಠಡಿಯಲ್ಲಿರುತ್ತದೆ. ನವರಾತ್ರಿಗೆ ಮುಂಚೆ ಶುಭಮುಹೂರ್ತದಲ್ಲಿ ಆ ಭಾಗಗಳನ್ನು ಹೊರಗೆ ತಂದು, ಗೆಜ್ಜಗಳ್ಳಿಯ ಜನರ ನೆರವಿನಿಂದ ಜೋಡಿಸುವರು; ಹಬ್ಬ ಕಳೆದಮೇಲೆ ಬಿಚ್ಚಿ ಒಳಗಿಡುವರು. ಪಾಠಶಾಲೆಗಳ ವ್ಯಾಸಪೀಠವನ್ನು ಬಲ್ಲವರು ಯಾರು? ಒಂದೇ ಹಲಗೆಯನ್ನು ಮಧ್ಯದಲ್ಲಿ ಬೆರಳುಬೆರಳಾಗಿ ಸೀಳಿ, ಮೊಳೆಯಿಲ್ಲದೆ ಅಂಟಿಲ್ಲದೆ ಮಡಿಸುವಂತೆ ಮಾಡಿದ್ದು. ಬಿಡಿಸಿದರೆ ಪುಸ್ತಕಕ್ಕೆ ಪೀಠ, ಮಡಿಸಿದರೆ ಚೀಲದಲ್ಲಿ ಹಲಗೆ. ವ್ಯತ್ಯಾಸವೇನೆಂದರೆ, ಸಿಂಹಾಸನವನ್ನು ಆ ದರ್ಬಾರಿಗಾಗಿ ಮಾಡಿದ್ದರು, ವ್ಯಾಸಪೀಠವನ್ನು ಆ ಗ್ರಂಥಕ್ಕಾಗಿ. ಕಾರ್ಖಾನೆಯ ಬೀರುವನ್ನು ಯಾವ ಮನೆಗಾಗಿಯೂ ಮಾಡಿದ್ದಲ್ಲ.

ಮೂರನೆಯ ದಿನ ಆಚಾರಿಗಳೊಬ್ಬರನ್ನು ಕರೆತಂದರು. ಅರವತ್ತು ದಾಟಿದವರು. ಹರೆಯದಲ್ಲಿ ಮಂಡಿ ಮೊಹಲ್ಲಾದ ಕೆತ್ತನೆಯ ಕಾರ್ಖಾನೆಯಲ್ಲಿ ಬೀಟೆಯ ಹಲಗೆಗೆ ಬಣ್ಣದ ಮರದ ಚೂರುಗಳನ್ನು ಕೂಡಿಸಿದ್ದವರು. ಮೈಸೂರಿನ ಆ ಕೂಡುಕೆಲಸಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೇನೋ ದೊರೆತಿದೆ. ಆಚಾರಿಗಳಿಗೆ ಮಾತ್ರ ಅದರಿಂದ ಸಂಸಾರ ಸಾಗದೆ ಬಾಗಿಲು ಕಿಟಕಿಯ ಕೆಲಸಕ್ಕೆ ಬಂದು, ಈಗ ಬಾಗಿಲು ಕಿಟಕಿಗಳೂ ಕಾರ್ಖಾನೆಯಿಂದಲೇ ಬರುತ್ತಿರಲು ಯಾರ ಮನೆಯ ಯಾವ ರಿಪೇರಿಗೆ ಕರೆದರೂ ಹೋಗುತ್ತಿದ್ದರು. ಮಲಗಿದ್ದ ಬೀರುವನ್ನು ಒಂದು ಸುತ್ತು ನೋಡಿ, ಹಲಗೆಯ ಅಂಚನ್ನು ಉಗುರಿನಿಂದ ಕೆರೆದು, “ಇದು ಮರವಲ್ಲ ತಾಯಿ, ಮರದ ಉಪ್ಪಿಟ್ಟು,” ಎಂದರು. ಮಾತು ಸುಳ್ಳಲ್ಲ. ಮರದ ಸಿಪ್ಪೆ ಹೊಟ್ಟುಗಳನ್ನು ಅಂಟಿನಲ್ಲಿ ಕಲಸಿ ಬಿಸಿಯಲ್ಲಿ ಒತ್ತಿದ ಪಾರ್ಟಿಕಲ್ ಬೋರ್ಡು ಅದು. ಒಮ್ಮೆ ಹೊಡೆದ ಮೊಳೆಯನ್ನು ಕಿತ್ತು ಅದೇ ತೂತಿನಲ್ಲಿ ಮತ್ತೆ ಹೊಡೆದರೆ ಹಿಡಿಯದು. ಅಂಚಿನಲ್ಲಿ ನೀರು ಸೇರಿದರೆ ಉಬ್ಬುವುದು, ಉಬ್ಬಿದ್ದು ಮತ್ತೆ ಇಳಿಯದು.

ಸಂಸ್ಕೃತದಲ್ಲಿ ಬಡಗಿಗೆ ವರ್ಧಕಿಯೆಂದು ಒಂದು ಹೆಸರು. ವರ್ಧ ಎಂಬ ಧಾತುವಿಗೆ ಧಾತುಪಾಠದಲ್ಲಿ ಎರಡು ಅರ್ಥಗಳನ್ನು ಹೇಳಿದೆ. ಒಂದು ಛೇದನ, ಇನ್ನೊಂದು ಪೂರಣ. ಕಡಿಯುವವನೂ ಅವನೇ, ತುಂಬುವವನೂ ಅವನೇ. ಮಯಮತವೆಂಬ ಶಿಲ್ಪಗ್ರಂಥದಲ್ಲಿ ಸಂಧಿಕರ್ಮಕ್ಕೆಂದೇ ಒಂದು ಅಧ್ಯಾಯವಿದ್ದು, ಮಲ್ಲಲೀಲ, ಬ್ರಹ್ಮರಾಜ ಮೊದಲಾದ ಸಂದುಗಳನ್ನು ವಿವರಿಸಿದೆ. ವೈಯಾಕರಣರು ಅಕ್ಷರಗಳನ್ನು ಕೂಡಿಸುವುದಕ್ಕಿಂತ ಶಿಲ್ಪಿಗಳು ಮರಗಳನ್ನು ಕೂಡಿಸುವ ಸಂಧಿ ಕಷ್ಟತರವಾದುದು, ಅಕ್ಷರಗಳಿಗೆ ಮಳೆಗಾಲವಿಲ್ಲ. ಆಚಾರಿಗಳು ಈ ಗ್ರಂಥವನ್ನು ಓದಿದವರಲ್ಲ. ಬೀರುವನ್ನು ಪೂರ್ತಿ ಬಿಚ್ಚಿಸಿದರು, ತಿರುಪುಗಳನ್ನೆಲ್ಲ ಜಾತಿಜಾತಿಯಾಗಿ ತಟ್ಟೆಗಳಲ್ಲಿ ಬೇರೆಮಾಡಿದರು, ಒಂದು ದಿನವೆಲ್ಲ ಬರಿದೆ ಅಳೆದರು. ದಿನಗೂಲಿ ಕೊಡುವವಳಾದ ಮಗಳಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ.

ದಂಪತಿಗಳ ಬೀರುವನ್ನು ಅವರು ಕಡಿಯಲಿಲ್ಲ. ಗೋಡೆಯಿಂದ ಎರಡಡಿ ಈಚೆಗೆ ಪಕ್ಕದ ಹಲಗೆಗಳೆರಡನ್ನೂ ನಿಲ್ಲಿಸಿಕೊಂಡೇ ಜೋಡಿಸಿದರು. ಮೇಲಿನ ಎರಡು ಅಂಗುಲದ ಸಂದಿನಲ್ಲಿ ಕೈ ತೂರಿಸಿ ನೆತ್ತಿಯ ಹಲಗೆಯನ್ನು ಕೂಡಿಸಿ, ಹಿಂದೆ ನಿಂತು ಬೆನ್ನಿನ ಹಲಗೆ ಬಡಿದು, ತಳಕ್ಕೆ ಗೋಣಿಯ ಮಡಿಕೆಗಳನ್ನು ಕೊಟ್ಟು ಅಂಗುಲಂಗುಲವಾಗಿ ಗೋಡೆಗೆ ಸರಿಸಿದರು. ಕಾವಿಯ ನೆಲಕ್ಕೆ ಒಂದು ಗೀರೂ ಬೀಳಲಿಲ್ಲ. ಮಲಗಿಸಿ ಮಾಡುವ ಕೆಲಸವನ್ನು ನಿಲ್ಲಿಸಿ ಮಾಡಿದ್ದು, ಇಷ್ಟೇ ಯುಕ್ತಿ; ಆದರೆ ಸಂದುಗಳ ಮೇಲೆ ಭಾರ ಬೀಳುವ ಕ್ರಮ ಬೇರೆಯಾಗುವುದರಿಂದ ಒಂದೊಂದು ತಿರುಪನ್ನೂ ಮೊದಲು ಅರ್ಧ ಬಿಗಿದು, ತೂಗುಗುಂಡು ಬಿಟ್ಟು ನೋಡಿ, ಆಮೇಲೆ ಪೂರ್ತಿ ಬಿಗಿಯಬೇಕಾಯಿತು. ಗೋಡೆಯು ಮೇಲೆ ಹೋಗುತ್ತ ಮುಕ್ಕಾಲು ಅಂಗುಲ ಒಳಕ್ಕೆ ವಾಲಿದ್ದಿತು. ಆ ಸಂದನ್ನು ಮುಚ್ಚಲು ಬೆಣೆಯಾಕಾರದ ಪಟ್ಟಿಯೊಂದನ್ನು ತೋಪಡ ಹಿಡಿದು ಗೋಡೆಯ ವಕ್ರಕ್ಕೆ ಸರಿಯಾಗಿ ಹೆರೆದು ಕೂರಿಸಿದರು. ನೋಡಿದವರಿಗೆ ಗೋಡೆಯೇ ನೆಟ್ಟಗಾದಂತೆ ಕಾಣುತ್ತಿದ್ದಿತು.

ವೃದ್ಧೆಯ ಬೀರುವಿನ ವಿಷಯ ಬೇರೆ. 93 ಅಂಗುಲದ ಬೀರುವಿನಲ್ಲಿ ಸೀರೆ ತೂಗುಹಾಕುವ ಸಲಾಕಿ ಆಕೆಯ ಕೈಗೆ ಎಟುಕದು. ಎಟುಕದಿದ್ದರೆ ಮತ್ತೆ ಮುಕ್ಕಾಲಿ, ಮತ್ತೆ ಮುಂಗೈ. ಅದನ್ನು ಗಿಡ್ಡಮಾಡಲೇಬೇಕು. ಕಾರ್ಖಾನೆಯ ಹಲಗೆಗಳ ಒಳಮೈಯಲ್ಲಿ ಸಾಲಾಗಿ ಐದೈದು ಮಿಲಿಮೀಟರಿನ ತೂತುಗಳಿರುವುದನ್ನು ವಾಚಕರು ನೋಡಿರಬಹುದು. ಎರಡನೆಯ ಮಹಾಯುದ್ಧದ ತರುವಾಯ ಯೂರೋಪಿನಲ್ಲಿ ರೂಢಿಗೆ ಬಂದ ಕ್ರಮವಿದು. ಒಂದು ತೂತಿನ ನಡುವಿನಿಂದ ಮುಂದಿನದರ ನಡುವಿಗೆ 32 ಮಿಲಿಮೀಟರು. ಬಾಗಿಲಿನ ಕೀಲು, ಅಡ್ಡಹಲಗೆ, ಸೆಳೆಪೆಟ್ಟಿಗೆ ಎಲ್ಲವೂ ಈ ಲೆಕ್ಕಕ್ಕೆ ಬದ್ಧವಾದುವು. ಮನಸ್ಸಿಗೆ ಬಂದ ಕಡೆ ಗರಗಸ ಹಾಕಿದರೆ ಬಾಗಿಲೊಂದು ಲೆಕ್ಕ, ಹಲಗೆಯೊಂದು ಲೆಕ್ಕವಾಗಿ ಕೀಲುಗಳು ಕೂಡವು. ಆಚಾರಿಗಳಿಗೆ ಮಿಲಿಮೀಟರಿನ ಇತಿಹಾಸ ತಿಳಿಯದು. ದಾರವೊಂದನ್ನು ಹಿಡಿದು ತೂತುಗಳನ್ನು ಎಣಿಸಿ, “ಹದಿನೇಳು ಮನೆ ತೆಗೆಯೋಣ, ಪಗಡೆಯ ಹಾಸಿನಂತೆ ಇದೂ ಮನೆ ಲೆಕ್ಕವೇ,” ಎಂದರು. ಹದಿನೇಳು ಮನೆಯೆಂದರೆ 544 ಮಿಲಿಮೀಟರು, ಸುಮಾರು 21 ಅಂಗುಲ. ಉಳಿದದ್ದು ಆರಡಿಗೆ ಅರ್ಧ ಅಂಗುಲ ಕಡಮೆ.

ಪಕ್ಕದ ಹಲಗೆಗಳು ಸುಲಭವಾಗಿ ಕತ್ತರಿಸಲ್ಪಟ್ಟುವು. ಬಾಗಿಲನ್ನು ಕತ್ತರಿಸಿದಾಗ ಮನೆಯವರೆಲ್ಲರೂ ಬೆರಗಾದರು: ಒಳಗೆ ಏನೂ ಇಲ್ಲ! ಎರಡು ತೆಳುಹಲಗೆಗಳ ನಡುವೆ ಜೇನುಗೂಡಿನಾಕಾರಕ್ಕೆ ಮಡಿಸಿದ ಕಾಗದ, ಅಂಚಿಗೆ ಮಾತ್ರ ಒಂದು ಪಟ್ಟಿ. ಹಗುರಾಗಿರಲೆಂದು ಕಾರ್ಖಾನೆಯವರು ಹಾಗೆ ಮಾಡುವುದುಂಟು. ಅದು ಮೋಸವಲ್ಲ, ಆ ಕಾಗದದ ಗೂಡು ಸಾಕಷ್ಟು ಗಟ್ಟಿ. ಆದರೆ ಕಡಿದಲ್ಲಿ ಬಾಯಿ ತೆರೆದುಕೊಂಡಿದ್ದಿತು. ತುಂಬದೆ ಉಪಾಯವಿಲ್ಲ. ತುಂಬಲು ಒಣಗಿ ಹದವಾದ, ಇನ್ನು ಕುಗ್ಗದ, ಬಾಗದ ಮರದ ಪಟ್ಟಿ ಬೇಕು. ಅಂಗಡಿಯ ಹೊಸ ಮರ ನಂಬುವಂಥದಲ್ಲ. ಆಚಾರಿಗಳು ಹಿತ್ತಲ ಜಗುಲಿಯ ಕಡೆ ನೋಡಿದರು.

ಹಳೆಯ ಬೀರುವನ್ನು ಮುಟ್ಟಿ, ಬಾಗಿಲಿನ ಚೌಕಟ್ಟಿನ ಸಂದುಗಳಮೇಲೆ ಬೆರಳಾಡಿಸಿ, ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದರಂತೆ. “ಅಮ್ಮಾ, ಇದರಲ್ಲಿ ಒಂದು ಮೊಳೆ ಇಲ್ಲ. ಬರಿ ಬೆಣೆ. ಮಾಡಿದವನು ದೊಡ್ಡ ಕೆಲಸಗಾರ,” ಎಂದರು.

“ಅವರು ಎರಡು ತಿಂಗಳ ಸಂಬಳ ಕೊಟ್ಟು ಮಾಡಿಸಿದ್ದು ಆಚಾರ್ರೇ.”

“ಗೆದ್ದಲು ಹಿಂದಿನಿಂದ ಬಂದಿದೆ. ಇನ್ನೆರಡು ಮಳೆಗಾಲಕ್ಕೆ ಮುಂದಕ್ಕೂ ಬರುತ್ತದೆ. ಈಗ ಬಿಚ್ಚಿದರೆ ಅರ್ಧ ಮರ ಉಳಿದೀತು.”

ವೃದ್ಧೆ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಮಗಳು ಹೋಗಿ ನೋಡಿದರೆ ದೇವರ ಮುಂದೆ ಸುಮ್ಮನೆ ಕುಳಿತಿದ್ದರು. ಸಾಯಂಕಾಲ ಕಾಫಿ ಕೊಡುವಾಗ, ಬರೆದಿರುವ ಹಲಗೆಯೊಂದನ್ನು ಕೊಯ್ಯಬಾರದು, ಉಳಿದದ್ದನ್ನು ಏನು ಬೇಕಾದರೂ ಮಾಡಿಕೊಳ್ಳಬಹುದೆಂದು ಹೇಳಿದರು. ಹಿರಿಯರು ಹಳೆಯ ಸಾಮಾನಿಗೆ ಅಂಟಿಕೊಳ್ಳುವುದನ್ನು ಹುಡುಗರು ಪರಿಹಾಸ್ಯಮಾಡುವುದು ಲೋಕದ ರೂಢಿ. ಆದರೆ ಇಂಥ ಅಪ್ಪಣೆಯನ್ನು ಕೊಡುವುದಕ್ಕೆ ಎಷ್ಟು ಬೆಲೆ ತೆರಬೇಕಾಗುವುದೆಂಬುದನ್ನು ಕೊಟ್ಟವರೇ ಬಲ್ಲರು.

ಹಲಸು ಕೊಯ್ದಂತೆಲ್ಲ ಒಳಗಿನ ಹಳದಿ ಬಣ್ಣ ಹೊಸದರಂತೆ ಹೊರಬಂದಿತು. ಬಾಗಿಲುಗಳ ಟೊಳ್ಳಿಗೆ ಅದರ ಪಟ್ಟಿಗಳನ್ನು ಅಂಟುಹಾಕಿ ಒತ್ತಿದರು. ಕಡಿದ ಅಂಚುಗಳನ್ನೆಲ್ಲ ಅದರ ತೆಳುಪಟ್ಟಿಗಳಿಂದಲೇ ಮುಚ್ಚಿದರು. ಬಿಳಿಯ ಬೀರುವಿಗೆ ಹಳದಿಯ ಅಂಚು ಬಂದಿತು. ಬಣ್ಣ ಬಳಿಯೋಣವೆಂದ ಅಳಿಯನಿಗೆ ಆಚಾರಿಗಳು ಉತ್ತರ ಕೊಡಲಿಲ್ಲ. ಬರಹವಿದ್ದ ಹಲಗೆಯು ವೃದ್ಧೆಯ ಬೀರುವಿನ ಬಾಗಿಲೊಳಗೆ, ಕಣ್ಣಿನ ಮಟ್ಟಕ್ಕೆ ಸರಿಯಾಗಿ, ಹಾಗೆಯೇ ಕುಳಿತುಕೊಂಡಿತು. ಕೊನೆಯ ತಾರೀಖಿನ ಕೆಳಗೆ ಇನ್ನೂ ನಾಲ್ಕು ಬೆರಳು ಜಾಗವಿದೆ.

ಅಡಿಗೆಮನೆಯಲ್ಲಿ ತಾಯಿಮಗಳಿಗೆ ಜಗಳವಾಯಿತು. ಪೆಟ್ಟಿಗೆಗಳು ಪ್ಲಾಸ್ಟಿಕ್ ಕಾಲುಗಳಮೇಲೆ ನಿಲ್ಲತಕ್ಕವು. ಮೇಲೆ ಕಲ್ಲು ಹಾಸಿದರೆ ನೆಲದಿಂದ 34 ಅಂಗುಲ. ನಾಲ್ಕಡಿ ಎಂಟಂಗುಲದವರು ಅದರಮೇಲೆ ಒಲೆಯಿಟ್ಟು ಒಗ್ಗರಣೆ ಹಾಕಬೇಕಾದರೆ ಹೆಗಲು ಕಿವಿಗೆ ತಾಗಬೇಕು. ಇದಲ್ಲದೆ ವೃದ್ಧೆಗೆ ಶುಕ್ರವಾರದ ದಿನ ಬಿಂದಿಗೆ ಬಗ್ಗಿಸಿ ನೀರು ಸುರಿದು ನೆಲ ತೊಳೆಯುವ ಪದ್ಧತಿ. ಆ ಮನೆಯ ನೆಲವನ್ನು ಕಟ್ಟುವಾಗಲೇ ಬಚ್ಚಲಿನ ಕಡೆಗೆ ಇಳಿಜಾರು ಕೊಟ್ಟಿದ್ದರು. ಒರೆಸಿದರೆ ಸಾಲದೇ, ನೀರು ಬಿದ್ದರೆ ಸಾವಿರಾರು ರೂಪಾಯಿನ ಪೆಟ್ಟಿಗೆ ಉಬ್ಬಿಹೋಗುತ್ತದೆಂದು ಮಗಳ ವಾದ. “ಒರೆಸೋದು ಬೇರೆ, ತೊಳೆಯೋದು ಬೇರೆ ಕಣೇ. ಪೆಟ್ಟಿಗೆಗೋಸ್ಕರ ಮನೆಯೋ, ಮನೆಗೋಸ್ಕರ ಪೆಟ್ಟಿಗೆಯೋ?” ಎಂದು ತಾಯಿ. ಇಬ್ಬರ ಮಾತಿನಲ್ಲಿಯೂ ನ್ಯಾಯವಿದ್ದಿತು.

ಇದಕ್ಕೆ ಪರಿಹಾರ ದೊರೆತದ್ದು ಕಸದ ರಾಶಿಯಲ್ಲಿ. ಗೂಡುಗಳನ್ನು ಒಡೆದಾಗ ತೆಗೆದ ಕಡಪ ಕಲ್ಲಿನ ಹಾಸುಗಳು ಮಣ್ಣಿನೊಡನೆ ಸಾಗಿಹೋಗಲು ಕಾದಿದ್ದುವು. ಆಚಾರಿಗಳು ಗಾರೆಯವನನ್ನು ಕರೆಸಿ ಅವುಗಳನ್ನು ಪಟ್ಟಿಗಳಾಗಿ ಕೊಯ್ಯಿಸಿ, ಪ್ಲಾಸ್ಟಿಕ್ ಕಾಲುಗಳನ್ನು ಕಿತ್ತು, ಎರಡೂವರೆ ಅಂಗುಲದ ಕಲ್ಲಿನ ಕಟ್ಟೆಯನ್ನು ಮಾಡಿಸಿ ಅದರಮೇಲೆ ಪೆಟ್ಟಿಗೆಗಳನ್ನು ಕೂರಿಸಿದರು. ಎತ್ತರವು 31 ಅಂಗುಲಕ್ಕೆ ಇಳಿಯಿತು; ಶುಕ್ರವಾರದ ನೀರು ಕಲ್ಲಿಗೆ ತಾಗಿ ಬಚ್ಚಲಿಗೆ ಹೋಗುತ್ತದೆ. ಇಳಿಜಾರಿನಿಂದಾಗಿ ಕಟ್ಟೆಯ ಒಂದು ತುದಿ ಇನ್ನೊಂದಕ್ಕಿಂತ ಅರ್ಧ ಅಂಗುಲ ಎತ್ತರವಿರಬೇಕಾಯಿತು. ರಸಮಟ್ಟ ಹಿಡಿದು ಗಾರೆಯವನನ್ನು ಮೂರು ಸಲ ಕೀಳಿಸಿ ಕಟ್ಟಿಸಿದರು. ಅವನು ಬಯ್ದುಕೊಂಡೇ ಕಟ್ಟಿದನು.

ಈಳಿಗೆಮಣೆಯ ಪ್ರಶ್ನೆ ಉಳಿದಿದ್ದಿತು. ಕಾರ್ಖಾನೆಯವರ ಅಡಿಗೆಮನೆಯಲ್ಲಿ ಚಮಚಗಳಿಗೆ ಒಂದು ಸೆಳೆಪೆಟ್ಟಿಗೆ, ಮುಚ್ಚಳಗಳಿಗೊಂದು, ಬಾಟಲಿಗಳಿಗೊಂದು ಎಂದು ಸ್ಥಾನಗಳನ್ನು ಗೊತ್ತುಮಾಡಿದೆ. ಈಳಿಗೆಮಣೆಗೆ ಎಲ್ಲಿಯೂ ಇಲ್ಲ. ವೃದ್ಧೆಗೆ ನೆಲದಮೇಲೆ ಕೂರಲು ಮಂಡಿ ಬಗ್ಗದು, ನಿಂತು ಚಾಕುವಿನಲ್ಲಿ ಹೆಚ್ಚಲು ಕೈ ಬಾರದು. ತರಕಾರಿ ಹೆಚ್ಚಲಾಗದ ಹೆಂಗಸು ಮನೆಯಲ್ಲಿ ಅತಿಥಿಯಾದಂತೆಯೇ ಎಂದು ಆಕೆ ಭಾವಿಸಿದ್ದರು. ಬೆಂಗಳೂರಿಗೆ ಹೊರಡುವುದಾದರೆ ಇದೇ ಕಾರಣವಾಗುತ್ತಿದ್ದಿತೆಂದು ತೋರುವುದು. ಕಡಿದುಹಾಕಿದ ಬೀರುವಿನ 21 ಅಂಗುಲದ ಎರಡು ಪಕ್ಕದ ತುಂಡುಗಳು ಮೂಲೆಯಲ್ಲಿದ್ದುವು. ಆಚಾರಿಗಳು ಅವುಗಳ ಬುಡಕ್ಕೂ ಕಲ್ಲಿನ ಚೂರು ಕೊಟ್ಟು ನಿಲ್ಲಿಸಿ, ಮೇಲೆ ಹಲಸಿನ ಬೀರುವಿನ ತಲೆಯ ಹಲಗೆಯನ್ನು ಹಾಸಿ, ಈಳಿಗೆಮಣೆಯ ಪಾದ ಕೂರುವಷ್ಟು ಕಚ್ಚು ಕೊರೆದರು. ಪಕ್ಕದಲ್ಲಿ ಗಿಡ್ಡ ಕುರ್ಚಿ. ಕುಳಿತರೆ ಮಣೆಯು ಮಡಿಲ ಮಟ್ಟಕ್ಕೆ ಬರುತ್ತದೆ. ಮೊದಲ ದಿನ ಆಕೆ ಬದನೆಕಾಯಿಯೊಂದನ್ನು ಹೆಚ್ಚಿ ನೋಡಿ ಏನನ್ನೂ ಹೇಳಲಿಲ್ಲ. ಮಾರನೆಯ ದಿನ ಸೋರೆಕಾಯಿ ತರಿಸಿದರು.

ಇನ್ನೊಂದು ಕೆಲಸವನ್ನು ಆಚಾರಿಗಳು ಯಾರೂ ಹೇಳದೆಯೇ ಮಾಡಿದರು. ಮೂರು ವರ್ಷದ ಮೊಮ್ಮಗನು ಸೆಳೆಪೆಟ್ಟಿಗೆಗಳನ್ನು ಒಂದರಮೇಲೊಂದಾಗಿ ಎಳೆದು ಮೆಟ್ಟಿಲುಮಾಡಿಕೊಂಡು ಏರುತ್ತಿದ್ದುದನ್ನು ಕಂಡು, ಎರಡು ಬೀರುಗಳನ್ನೂ ಕಬ್ಬಿಣದ ಪಟ್ಟಿಯಿಂದ ಗೋಡೆಗೆ ಬಿಗಿದರು. ಭಾರವಾದ ಹಳೆಯ ಬೀರುಗಳಿಗೆ ಇದು ಅಷ್ಟಾಗಿ ಬೇಕಿರಲಿಲ್ಲ. ಹಗುರಾದ ಬೀರುವಿನ ಸೆಳೆಪೆಟ್ಟಿಗೆಗಳೆಲ್ಲ ಮುಂದಕ್ಕೆ ಬಂದಾಗ ಭಾರದ ಕೇಂದ್ರವೂ ಮುಂದಕ್ಕೆ ಬಂದು ಮಗುವಿನಮೇಲೆ ಮಗುಚಿಬೀಳಬಲ್ಲದು. ಅಮೆರಿಕದಲ್ಲಿ ಇಂಥ ಅಪಘಾತಗಳಿಂದ ಮಕ್ಕಳು ಮೃತರಾಗಿ, 2016ರಲ್ಲಿ ಇಕಿಯಾ ಸಂಸ್ಥೆಯವರು ಅಲ್ಲಿ ಮಾರಿದ್ದ 2 ಕೋಟಿ 90 ಲಕ್ಷ ಸೆಳೆಪೆಟ್ಟಿಗೆಯ ಬೀರುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಗೋಡೆಗೆ ಬಿಗಿಯುವ ಪಟ್ಟಿ ಸಾಧಾರಣವಾಗಿ ಪೊಟ್ಟಣದಲ್ಲಿಯೇ ಇರುತ್ತದೆ. ಗೋಡೆಗೆ ತೂತಾದೀತೆಂದು ಅದನ್ನು ಬಿಸಾಡುವವರು ಹೆಚ್ಚು. ವಾಚಕರ ಮನೆಗಳಲ್ಲಿ ಅಂಥದಿದ್ದರೆ ಹುಡುಕಿ ತೆಗೆದು ಹಾಕಿಸುವುದು ಒಳ್ಳೆಯದು.

ಖರ್ಚಿನ ವಿಷಯ. ಆಚಾರಿಗಳ ಇಪ್ಪತ್ತು ದಿನದ ಕೂಲಿಯನ್ನು ಸೇರಿಸಿದರೆ ಬಿಡಿಸಾಮಾನಿನ ಅಗ್ಗವೆಂಬುದು ಅಗ್ಗವಾಗಿ ಉಳಿಯಲಿಲ್ಲ. ಅಷ್ಟು ಹಣಕ್ಕೆ ಮೊದಲಿಗೇ ಒಳ್ಳೆಯ ಪ್ಲೈವುಡ್ಡಿನಲ್ಲಿ ಅಳತೆಗೆ ಮಾಡಿಸಬಹುದಾಗಿತ್ತೆಂದು ಮಗನು ಲೆಕ್ಕಹಾಕಿ ತೋರಿಸಿದನು. ಲೆಕ್ಕ ಸರಿ. ಆದರೆ ಆ ಲೆಕ್ಕದಲ್ಲಿ ಹಲಸಿನ ಬೀರು ಗುಜರಿಗೆ ಹೋಗಿ, ಕಡಪ ಕಲ್ಲು ಹಳ್ಳಕ್ಕೆ ಬಿದ್ದಿರುತ್ತಿದ್ದುವು. ಕಾರ್ಖಾನೆಯ ಸಾಮಾನನ್ನು ತುಚ್ಛವೆನ್ನುವುದೂ ಸಲ್ಲದು. ವರ್ಷಕ್ಕೊಂದು ಊರಿಗೆ ವರ್ಗವಾಗುವ ಬಡ ಸಂಸಾರಗಳಿಗೆ ಬಿಚ್ಚಿ ಒಯ್ಯಬಲ್ಲ ಮಂಚ ಮೇಜುಗಳು ದೊಡ್ಡ ಉಪಕಾರ. ಅದಕ್ಕೆ ಮನೆಯ ಗುರುತಿಲ್ಲ, ಅಷ್ಟೆ. ಗುರುತುಮಾಡಿಸಲು ಮಧ್ಯಸ್ಥನೊಬ್ಬನು ಬೇಕು. ಜೋಡಿಸುವ ಹುಡುಗರು ಊರಿನಲ್ಲಿ ಹೆಚ್ಚುತ್ತಿದ್ದಾರೆ. ಆಚಾರಿಗಳ ಮಗನು ಮೋಟಾರು ಕಂಪೆನಿಯೊಂದರಲ್ಲಿ ಕೆಲಸದಲ್ಲಿದ್ದಾನೆ. ಅವರ ತೋಪಡ, ಬೈರಿಗೆಗಳನ್ನು ಮುಂದೆ ಹಿಡಿಯುವವರು ಮನೆಯಲ್ಲಿ ಯಾರೂ ಇಲ್ಲ.

ಯುಗಾದಿಗೆ ಬೆಂಗಳೂರಿನವರು ಬಂದರು. ಒಬ್ಬಟ್ಟಿನ ಹೂರಣವನ್ನು ವೃದ್ಧೆ 31 ಅಂಗುಲದ ಕಟ್ಟೆಯಮೇಲೆ ತಾವೇ ಮಗುಚಿದರು. ಹೊರಡುವಾಗ ಮಗನು, ಅಮ್ಮನ ಬಟ್ಟೆ ಕಟ್ಟುವ ಮಾತೆತ್ತದೆ, ಬೀರುವಿನ ಬಾಗಿಲನ್ನು ತೆರೆದು ತಂದೆಯ ಅಕ್ಷರಗಳನ್ನು ಓದುತ್ತ ನಿಂತಿದ್ದು, ಆಮೇಲೆ ಸೀಸದ ಕಡ್ಡಿಯನ್ನು ಕೇಳಿ ಇಸಿದುಕೊಂಡು ಆ ತಿಂಗಳ ಸಿಲಿಂಡರಿನ ತಾರೀಖನ್ನು ಬರೆದನು.

ಮಳೆಗಾಲ ಬಂದಿತು. ಅಡಿಗೆಮನೆಯ ಪೆಟ್ಟಿಗೆಗಳೂ ಬೀರುಗಳೂ ಚೆನ್ನಾಗಿವೆ. ಜಗುಲಿಯ ಚಪ್ಪಲಿಗೂಡನ್ನು ಮಾತ್ರ, ಅದರಲ್ಲೇನಿದೆಯೆಂದು ಪುಸ್ತಿಕೆಯಲ್ಲಿ ಹೇಳಿದಂತೆಯೇ ಜೋಡಿಸಿ ನೆಲದಮೇಲೆ ಇಟ್ಟಿದ್ದರು. ಎರಚಲು ಹೊಡೆದು ಅದರ ತಳ ಒಂದು ಬೆರಳು ಉಬ್ಬಿ ಬಾಗಿಲು ಮುಚ್ಚದಾಗಿದೆ. ಕಲ್ಲಿನ ಪಟ್ಟಿ ಇನ್ನೂ ಎರಡು ಉಳಿದಿವೆ. ಗೌರಿಹಬ್ಬ ಕಳೆದಮೇಲೆ ಬರುವುದಾಗಿ ಆಚಾರಿಗಳು ಹೇಳಿಕಳುಹಿಸಿದ್ದಾರೆ.